ಹೈಸ್ಕೂಲು ಮಕ್ಕಳಿಗೆ ಲ್ಯಾಟಿನ್: ಕನ್ನಡದ ಮೂಲಕವೇ ಕಲಿಸಿ

ಲ್ಯಾಟಿನ್ ತರಗತಿ ಶುರು ಮಾಡಬೇಕು ಎಂದುಕೊಂಡ ಶಿಕ್ಷಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಲ್ಲಿಂದ ಶುರು ಮಾಡುವುದು? ಹದಿಮೂರು ಹದಿನಾಲ್ಕರ ಮಕ್ಕಳು ಕೂತು ಕೇಳುತ್ತಾರಾ? ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಬೇಕಿಲ್ಲ. ಲ್ಯಾಟಿನ್ ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿವೆ, ಹಾಗಾಗಿ ಇಂಗ್ಲಿಷಿನ ಮೂಲಕವೇ ಹೋಗಬೇಕು ಅಂತ ನಮಗೆ ಅನಿಸಿಬಿಡುತ್ತದೆ. ಆದರೆ ವಿಭಕ್ತಿ, ಕ್ರಿಯಾಪದ ಕೊನೆಗೆ ಬರುವುದು, ಹ್ರಸ್ವ ದೀರ್ಘ, ಲಘು ಗುರು ಇವೆಲ್ಲ ಇಂಗ್ಲಿಷ್ ಓದಿದ ಮಗುವಿಗೆ ಹೊಸದು. ಕನ್ನಡ ಓದಿದ ಮಗುವಿಗೆ ಅಲ್ಲ. ಮಂಗಳೂರು, ಉಡುಪಿಯ ಮಕ್ಕಳ ಬಾಯಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಕೂಡ ಇರುತ್ತವೆ. ಇಷ್ಟು ಭಾಷೆ ಗೊತ್ತಿರುವ ಮಕ್ಕಳಿಗೆ ಇನ್ನೊಂದು ಭಾಷೆಯ ವ್ಯಾಕರಣ ಭಯ ಹುಟ್ಟಿಸುವುದಿಲ್ಲ. ಆ ಬಂಡವಾಳವನ್ನು ಹೇಗೆ ಬಳಸುವುದು, ಕನ್ನಡ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬ ಎರಡೂ ಇಲ್ಲಿವೆ.

ಶುರುವಿಗೆ ಮುಂಚೆ

ಎಸ್ಸೆಸ್ಸೆಲ್ಸಿಯ ಭಾಷಾ ಪಟ್ಟಿಯಲ್ಲಿ ಲ್ಯಾಟಿನ್ ಇಲ್ಲ. ನಿಮಗೆ ಸಿಗುವುದು ಕ್ಲಬ್ಬಿನ ಅವಧಿ, ಶನಿವಾರದ ಬೆಳಿಗ್ಗೆ, ಇಲ್ಲವೇ ಸಂಜೆಯ ಕೊನೆಯ ಪೀರಿಯಡ್. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಸಿಕ್ಕರೆ ಸಾಕು. ಒಂದೇ ಸಿಕ್ಕರೆ ವರ್ಷದ ಪಾಠವನ್ನು ಎರಡು ವರ್ಷಕ್ಕೆ ಹಂಚಿ. ಎಂಟನೇ ತರಗತಿಯಿಂದಲೇ ಶುರು ಮಾಡಿ. ಹತ್ತನೆಯಲ್ಲಿ ಮಕ್ಕಳಿಗೂ ಮನೆಯವರಿಗೂ ಪರೀಕ್ಷೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಪೋಷಕರಿಗೆ ಒಂದು ಪುಟದ ಪತ್ರ ಮೊದಲೇ ಕಳಿಸಿ. ನಮ್ಮೂರಿನಲ್ಲಿ ಲ್ಯಾಟಿನ್ ಅಂದರೆ ಚರ್ಚಿನ ಭಾಷೆ ಎಂಬ ನೆನಪು ಗಟ್ಟಿಯಾಗಿದೆ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ನಡೆಯುವವರೆಗೆ ಇಲ್ಲಿನ ಇಗರ್ಜಿಗಳಲ್ಲಿ ಬಲಿಪೂಜೆ ಲ್ಯಾಟಿನ್ನಿನಲ್ಲೇ ಆಗುತ್ತಿತ್ತು. ಹಾಗಾಗಿ 'ಇದು ಧರ್ಮದ ಪಾಠವಾ' ಎಂದು ಯಾರಾದರೂ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಇದು ರೋಮನ್ನರ ಮಾತು, ಕ್ರಿಸ್ತನಿಗಿಂತ ಮೊದಲೇ ಇದರಲ್ಲಿ ಕಾವ್ಯ, ನಾಟಕ, ಭಾಷಣ ಎಲ್ಲ ಇದ್ದವು, ವಿಜ್ಞಾನಿಗಳು ಗಿಡಮರಗಳಿಗೆ ಇವತ್ತಿಗೂ ಇದರ ರೂಪದಲ್ಲೇ ಹೆಸರಿಡುತ್ತಾರೆ ಎಂದು ಪತ್ರದಲ್ಲೇ ಬರೆದುಬಿಡಿ. ಎಲ್ಲ ಮನೆಯ ಮಕ್ಕಳೂ ಬರುವ ತರಗತಿಯಾಗಬೇಕು ಅಲ್ವಾ?

ಸಾಮಾನು ಕಡಿಮೆ ಸಾಕು. ಬಣ್ಣದ ಡ್ರಾಯಿಂಗ್ ಶೀಟ್ ಕತ್ತರಿಸಿ ಮಾಡಿದ ಪದದ ಪಟ್ಟಿಗಳು, ಪ್ರತಿ ಮಗುವಿಗೆ ಒಂದು ಇನ್ನೂರು ಪುಟದ ನೋಟುಬುಕ್ಕು, ನಿಮ್ಮ ಕೈಯಲ್ಲಿ ಒಂದು ಪಠ್ಯಪುಸ್ತಕ. ಒಂದೇ ಇರಲಿ. ವಿಭಕ್ತಿಗಳನ್ನು ಜೋಡಿಸುವ ಕ್ರಮ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಎರಡನ್ನು ಬೆರೆಸಿದರೆ ಮಕ್ಕಳಿಗೆ ಬಾಯಿಪಾಠ ಕೈಕೊಡುತ್ತದೆ.

1. ಗೊತ್ತಿರುವ ಲ್ಯಾಟಿನ್ನನ್ನು ಬೋರ್ಡಿಗೆ ತನ್ನಿ

ಮೊದಲ ಪೀರಿಯಡ್‌ನಲ್ಲಿ ವ್ಯಾಕರಣ ಬೇಡ. ಮಕ್ಕಳಿಗೆ ಈಗಾಗಲೇ ಗೊತ್ತಿರುವುದನ್ನು ಬರೆಸಿ. ಗಡಿಯಾರದ ಎ.ಎಂ., ಪಿ.ಎಂ. ಅಂದರೆ 'ಅಂತೆ ಮೆರೀದಿಎಮ್', 'ಪೊಸ್ತ್ ಮೆರೀದಿಎಮ್', ನಡುಹಗಲಿಗೆ ಮುಂಚೆ ಮತ್ತು ನಡುಹಗಲಿನ ನಂತರ. ರಸಾಯನಶಾಸ್ತ್ರದಲ್ಲಿ ಕಬ್ಬಿಣಕ್ಕೆ ಎಫ್‌ಇ ಯಾಕೆ? 'ಫೆರ್ರುಮ್'. ಚಿನ್ನಕ್ಕೆ ಎಯು ಯಾಕೆ? 'ಔರುಮ್'. ಸೀಸಕ್ಕೆ ಪಿಬಿ ಯಾಕೆ? 'ಪ್ಲುಂಬುಮ್'. ಬಸ್ ಪಾಸಿಗೆ ಶಾಲೆಯ ಆಫೀಸಿನಿಂದ ತರುವ ಬೋನಫೈಡ್ ಸರ್ಟಿಫಿಕೇಟ್ ಕೂಡ 'ಬೊನಾ ಫಿದೇ', ಅಂದರೆ ಒಳ್ಳೆಯ ನಂಬಿಕೆಯಿಂದ. ಆ 'ಇಂದ'ವನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಬಿಟ್ಟಿರಿ. ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಆಮೇಲೆ ಎಣಿಕೆ. ಸೆಪ್ತೆಮ್, ಒಕ್ತೋ, ನೊವೆಮ್, ದೆಕೆಮ್. ಸಂಸ್ಕೃತ ತೆಗೆದುಕೊಂಡ ಮಕ್ಕಳು ತಾವಾಗಿಯೇ ಸಪ್ತ, ಅಷ್ಟ, ನವ, ದಶ ಎನ್ನುತ್ತಾರೆ. ಈ ನಂಟನ್ನು 1786ರಲ್ಲಿ ಕಲ್ಕತ್ತೆಯ ಒಂದು ಭಾಷಣದಲ್ಲಿ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಎತ್ತಿ ಹೇಳಿದ್ದ. ಹಾಗಾದರೆ ಸೆಪ್ಟೆಂಬರ್ ಒಂಬತ್ತನೇ ತಿಂಗಳು ಹೇಗಾಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರೋಮನ್ನರ ಹಳೆಯ ವರ್ಷ ಮಾರ್ಚಿನಿಂದ ಶುರುವಾಗುತ್ತಿತ್ತು. ಬೆರಳು ಮಡಚಿ ಎಣಿಸಿ ನೋಡಲು ಅವರಿಗೇ ಬಿಡಿ.

2. ಉಚ್ಚಾರಣೆಗೆ ಕನ್ನಡ ಲಿಪಿ ಬಳಸಿ

ಮೊದಲ ತಿಂಗಳು ಪ್ರತಿ ಲ್ಯಾಟಿನ್ ಪದದ ಕೆಳಗೆ ಕನ್ನಡ ಅಕ್ಷರದಲ್ಲಿ ಬರೆಸಿ. ಲ್ಯಾಟಿನ್ನಿನಲ್ಲಿ ಐದು ಸ್ವರಗಳಿಗೂ ಹ್ರಸ್ವ, ದೀರ್ಘ ಎರಡೂ ಇವೆ. ರೋಮನ್ ಅಕ್ಷರದಲ್ಲಿ ಅದು ಕಾಣುವುದಿಲ್ಲ, ಮೇಲೆ ಗೆರೆ ಎಳೆದು ತೋರಿಸಬೇಕು. ಕನ್ನಡದಲ್ಲಿ ಎ ಏ, ಒ ಓ ಬೇರೆ ಬೇರೆಯಾಗಿಯೇ ಇವೆ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದನು. 'ಲಿಬೆರ್' ಪುಸ್ತಕ, 'ಲೀಬೆರ್' ಸ್ವತಂತ್ರ. 'ಒಸ್' ಮೂಳೆ, 'ಓಸ್' ಬಾಯಿ. ಒತ್ತಕ್ಷರವೂ ಹಾಗೆಯೇ: 'ಪುಎಲ್ಲ' (ಹುಡುಗಿ) ಎಂದು ಬರೆದರೆ ಎರಡು ಲಕಾರವನ್ನೂ ಮಗು ಹೇಳಿಯೇ ಹೇಳುತ್ತದೆ.

ಒತ್ತು ಎಲ್ಲಿ ಬೀಳುತ್ತದೆ ಎಂಬುದಕ್ಕೂ ಛಂದಸ್ಸಿನ ಪಾಠ ಸಾಕು. ಕೊನೆಯಿಂದ ಎರಡನೇ ಉಚ್ಚಾರಾಂಶ ಗುರುವಾಗಿದ್ದರೆ ಒತ್ತು ಅಲ್ಲಿ. ಲಘುವಾಗಿದ್ದರೆ ಅದರ ಹಿಂದಿನದಕ್ಕೆ. 'ಸಲ್ವೇತೆ'ಯಲ್ಲಿ 'ವೇ' ಗುರು, ಒತ್ತು ಅದಕ್ಕೆ. 'ದಿಸ್ಕಿಪುಲೀ'ಯಲ್ಲಿ 'ಪು' ಲಘು, ಹಾಗಾಗಿ ಒತ್ತು 'ಕಿ'ಗೆ.

ಎಚ್ಚರ ಬೇಕಾದ ಮೂರು ಕಡೆ ಇವೆ. ಇಂಗ್ಲಿಷ್ ಮೀಡಿಯಂ ಮಕ್ಕಳು 'ತ' ಇರುವಲ್ಲಿ 'ಟ' ಹೇಳುತ್ತಾರೆ. ಲ್ಯಾಟಿನ್ನಿಗೆ ನಮ್ಮ ತ, ದ ಹತ್ತಿರ. ಕನ್ನಡ, ತುಳು ಮನೆಯ ಮಕ್ಕಳು ಕೊನೆಯ ವ್ಯಂಜನಕ್ಕೆ ಉಕಾರ ಸೇರಿಸಿ 'ಎಸ್ತು', 'ಅಮತ್ತು' ಎನ್ನುತ್ತಾರೆ. ಇದನ್ನು ಮೊದಲ ವಾರದಲ್ಲೇ ತಿದ್ದಿ, ಯಾಕೆಂದರೆ ಲ್ಯಾಟಿನ್ನಿನ ಅರ್ಥವೆಲ್ಲ ಪದದ ತುದಿಯಲ್ಲಿದೆ. ಕೊಂಕಣಿ ಮಕ್ಕಳಿಗೆ ಮೀಸ್, ಇಗರ್ಜ್ ಎಂದು ವ್ಯಂಜನದಲ್ಲಿ ನಿಲ್ಲಿಸುವ ಅಭ್ಯಾಸ ಇರುತ್ತದೆ. ಅವರನ್ನು ಮುಂದೆ ನಿಲ್ಲಿಸಿ ಹೇಳಿಸಿ.

ಮೂರನೆಯದು ಚರ್ಚಿನ ಉಚ್ಚಾರಣೆ. ಚರ್ಚಿನ ಲ್ಯಾಟಿನ್ನಿನಲ್ಲಿ ಎಕಾರ, ಇಕಾರದ ಮುಂದೆ 'ಸಿ' ಅಕ್ಷರಕ್ಕೆ 'ಚ' ಎನ್ನುತ್ತಾರೆ. ಪ್ರಾಚೀನ ರೋಮಿನಲ್ಲಿ ಅದು 'ಕ'. ಚೇಸರ್, ಕೈಸರ್ ಎರಡೂ ಒಬ್ಬನೇ, ನಾವು ಸೀಸರ್ ಎನ್ನುವವನು. ತರಗತಿಗೆ ನಾನು ಪ್ರಾಚೀನ ಉಚ್ಚಾರಣೆಯನ್ನೇ ಹೇಳುತ್ತೇನೆ. ಒಂದು ಅಕ್ಷರಕ್ಕೆ ಒಂದೇ ಧ್ವನಿ ಇರುವುದರಿಂದ ಮಕ್ಕಳಿಗೆ ಸುಲಭ. ಆದರೆ ಕ್ರಿಸ್ಮಸ್ ಹಾಡನ್ನು ಗಾಯನ ಮಂಡಳಿಯಲ್ಲಿ ಕಲಿತ ಮಗುವಿಗೆ ನೀನು ಹೇಳಿದ್ದು ತಪ್ಪು ಅನ್ನಬೇಡಿ. ಅದು ಬೇರೆ ಕಾಲದ ಸರಿಯಾದ ರೂಢಿ.

3. ಹಾಜರಿಯನ್ನು ಲ್ಯಾಟಿನ್ನಿನಲ್ಲಿ ಕರೆಯಿರಿ

ನೀವು ಒಳಗೆ ಬಂದ ಕೂಡಲೇ 'ಸಲ್ವೇತೆ, ದಿಸ್ಕಿಪುಲೀ' (ನಮಸ್ಕಾರ, ಮಕ್ಕಳೇ). ಅವರು 'ಸಲ್ವೇ, ಮಗಿಸ್ತ್ರ' ಅಥವಾ ಮೇಷ್ಟ್ರಾದರೆ 'ಸಲ್ವೇ, ಮಗಿಸ್ತೆರ್'. ಹೆಸರು ಕರೆದಾಗ 'ಅದ್ಸುಮ್' (ಇದ್ದೇನೆ). ಬಾರದವರಿಗೆ ಪಕ್ಕದ ಮಗು 'ಅಬೆಸ್ತ್' (ಇಲ್ಲ). ಆಮೇಲೆ ಆಜ್ಞೆಗಳು: 'ಸುರ್ಗೆ' ಏಳು, 'ವೆನೀ' ಬಾ, 'ಅಪೆರೀ ಲಿಬ್ರುಮ್' ಪುಸ್ತಕ ತೆರೆ, 'ಕ್ಲೌದೆ ಯಾನುಅಮ್' ಬಾಗಿಲು ಹಾಕು. ನೀವು ಹೇಳಿ, ಅವರು ಮಾಡಲಿ. ಎರಡನೇ ವಾರದಿಂದ ಒಬ್ಬೊಬ್ಬರು ಬಂದು ಉಳಿದವರಿಗೆ ಆಜ್ಞೆ ಕೊಡಲಿ. ಈ ವಯಸ್ಸಿನವರಿಗೆ ಕೂತಲ್ಲೇ ಕೂರುವುದು ಕಷ್ಟ, ಎದ್ದು ಮಾಡಿದ್ದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ.

'ಸುರ್ಗೆ' ಒಬ್ಬರಿಗೆ, 'ಸುರ್ಗಿತೆ' ಹಲವರಿಗೆ. ನಮ್ಮಲ್ಲಿ ಏಳು, ಏಳಿ ಇದ್ದ ಹಾಗೆ. ಇಲ್ಲೇ ಒಂದು ಗುಂಡಿ ಇದೆ. ಕನ್ನಡದಲ್ಲಿ 'ಏಳಿ' ಗೌರವಕ್ಕೂ ಬರುತ್ತದೆ, ಲ್ಯಾಟಿನ್ನಿನಲ್ಲಿ ಬರುವುದಿಲ್ಲ. ಒಬ್ಬ ಶಿಕ್ಷಕರಿಗೆ 'ಸಲ್ವೇತೆ' ಎಂದರೆ ಅದು ಮರ್ಯಾದೆ ಅಲ್ಲ, ಎಣಿಕೆಯ ತಪ್ಪು. ಪ್ರಾಚೀನ ರೋಮಿನಲ್ಲಿ ಚಕ್ರವರ್ತಿಗೂ ಏಕವಚನವೇ. ಮಕ್ಕಳು ಮುಜುಗರಪಡುತ್ತಾರೆ, ನಿಮ್ಮನ್ನು 'ತೂ' (ನೀನು) ಎನ್ನಲು ಬಾಯಿ ಬರುವುದಿಲ್ಲ. ಅದು ಆ ಭಾಷೆಯ ರೀತಿ, ಲ್ಯಾಟಿನ್ ಪೀರಿಯಡ್‌ನಲ್ಲಿ ಹಾಗೆ ಕರೆಯಬಹುದು ಎಂದು ನೀವೇ ಒಪ್ಪಿಗೆ ಕೊಟ್ಟುಬಿಡಿ.

4. ವಿಭಕ್ತಿ: ಇಲ್ಲಿ ಅವಸರ ಬೇಡ

ಎಲ್ಲ ಹಂತಗಳಲ್ಲಿ ಇದಕ್ಕೇ ಜಾಸ್ತಿ ಸಮಯ ಕೊಡಿ. ಪುಸ್ತಕದಲ್ಲಿ ನಾಮಿನೇಟಿವ್, ಅಕ್ಯೂಸೆಟಿವ್, ಡೇಟಿವ್ ಎಂದೆಲ್ಲ ಇರುತ್ತದೆ. ಆ ಹೆಸರುಗಳನ್ನು ಮೊದಲು ಹೇಳಲೇಬೇಡಿ. 'ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ' ಎಂದು ಕನ್ನಡ ಪೀರಿಯಡ್‌ನಲ್ಲಿ ಬಾಯಿಪಾಠ ಮಾಡಿದ್ದನ್ನೇ ಒಮ್ಮೆ ಹೇಳಿಸಿ, ಅದರ ಎದುರಿಗೆ ಲ್ಯಾಟಿನ್ ಬರೆಯಿರಿ.

ಹುಡುಗಿ: ಪುಎಲ್ಲ.
ಹುಡುಗಿಯನ್ನು: ಪುಎಲ್ಲಮ್.
ಹುಡುಗಿಯ: ಪುಎಲ್ಲೈ.
ಹುಡುಗಿಗೆ: ಇದೂ ಪುಎಲ್ಲೈ.
ಹುಡುಗಿಯಿಂದ: ಪುಎಲ್ಲಾ.

ಲ್ಯಾಟಿನ್ನಿನಲ್ಲಿ ತೃತೀಯಾ, ಪಂಚಮೀ, ಸಪ್ತಮೀ ಮೂರರ ಕೆಲಸವನ್ನೂ ಹೆಚ್ಚಾಗಿ ಒಂದೇ ರೂಪ ಮಾಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಅಬ್ಲೇಟಿವ್ ಎಂಬ ಹೆಸರು. ನೀವು 'ಇಂದ ರೂಪ' ಅನ್ನಿ, ಸಾಕು. ಮುಂದೆ 'ಇನ್' ಎಂಬ ಪದ ಬಂದರೆ ಅದೇ 'ಅಲ್ಲಿ' ಆಗುತ್ತದೆ: 'ಇನ್ ಸಿಲ್ವಾ' ಕಾಡಿನಲ್ಲಿ. ಅದೇ 'ಇನ್' ಜೊತೆಗೆ 'ಅನ್ನು' ರೂಪ ಬಂದರೆ ಕಾಡಿನೊಳಕ್ಕೆ: 'ಇನ್ ಸಿಲ್ವಮ್'. ಇರುವುದು ಒಂದು, ಹೋಗುವುದು ಇನ್ನೊಂದು.

ಈಗ ಪಟ್ಟಿಗಳನ್ನು ಕೈಗೆ ತೆಗೆದುಕೊಳ್ಳಿ. ಒಂದರಲ್ಲಿ 'ಪುಎಲ್ಲ', ಇನ್ನೊಂದರಲ್ಲಿ 'ಕನೆಮ್' (ನಾಯಿಯನ್ನು), ಮತ್ತೊಂದರಲ್ಲಿ 'ವಿದೆತ್' (ನೋಡುತ್ತಾಳೆ). ಮೂರು ಮಕ್ಕಳು ಹಿಡಿದು ನಿಲ್ಲಲಿ. ಓದಿಸಿ. ಹುಡುಗಿ ನಾಯಿಯನ್ನು ನೋಡುತ್ತಾಳೆ. ಮೊದಲ ಇಬ್ಬರ ಜಾಗ ಬದಲಿಸಿ. ನಾಯಿಯನ್ನು ಹುಡುಗಿ ನೋಡುತ್ತಾಳೆ. ನೋಡುವವಳು ಬದಲಾಗಲಿಲ್ಲ. ಈಗ ಇದನ್ನೇ ಇಂಗ್ಲಿಷಿನಲ್ಲಿ ಮಾಡಿಸಿ. ಜಾಗ ಬದಲಿಸಿದ ಕೂಡಲೇ ನಾಯಿ ಹುಡುಗಿಯನ್ನು ನೋಡಲು ಶುರು ಮಾಡುತ್ತದೆ. ತರಗತಿ ಒಮ್ಮೆಲೇ ಗಲಗಲ ಆಗುತ್ತದೆ, ಆಗಲಿ. ಕೊನೆಗೆ 'ಪುಎಲ್ಲ' ಪಟ್ಟಿಯ ತುದಿಗೆ 'ಮ್' ಅಂಟಿಸಿ, 'ಕನೆಮ್' ತೆಗೆದು 'ಕನಿಸ್' ಕೊಡಿ. ಏನಾಯಿತು ಎಂದು ಅವರೇ ಹೇಳುತ್ತಾರೆ. ಈ ಒಂದು ಪಾಠ ನೆಟ್ಟಗೆ ಇಳಿದರೆ ಅರ್ಧ ವರ್ಷದ ಕೆಲಸ ಹಗುರ.

ಕನ್ನಡ ಕೈಕೊಡುವ ಜಾಗವೂ ಇದೇ. ನಾವು 'ಪುಸ್ತಕ ಓದಿದೆ', 'ನೀರು ಕುಡಿದೆ' ಎನ್ನುತ್ತೇವೆ. ಜೀವ ಇಲ್ಲದ ವಸ್ತುವಿಗೆ ಮಾತಿನಲ್ಲಿ 'ಅನ್ನು' ಬಿಟ್ಟುಹೋಗುತ್ತದೆ. ಮಕ್ಕಳು ಲ್ಯಾಟಿನ್ನಿನಲ್ಲೂ ಹಾಗೇ ಬಿಟ್ಟು 'ಲಿಬೆರ್ ಲೆಗೋ' ಬರೆಯುತ್ತಾರೆ. 'ಲಿಬ್ರುಮ್ ಲೆಗೋ' ಆಗಬೇಕು. ಈ ತಪ್ಪು ಎಲ್ಲರ ನೋಟ್ಸಿನಲ್ಲೂ ಕಾಣುತ್ತದೆ. ಬರೆಯುವ ಮುಂಚೆ 'ಪುಸ್ತಕವನ್ನು ಓದುತ್ತೇನೆ' ಎಂದು ಪೂರ್ತಿ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿದರೆ ತಾನಾಗಿ ಸರಿಯಾಗುತ್ತದೆ.

'ಗೆ' ರೂಪದಲ್ಲಿ ಮಾತ್ರ ಕನ್ನಡ ಅದ್ಭುತವಾಗಿ ಕೂಡಿಬರುತ್ತದೆ. 'ಮಿಹಿ ದುಒ ಫ್ರಾತ್ರೇಸ್ ಸುಂತ್' ಅಂದರೆ ಪದಕ್ಕೆ ಪದ ಇಟ್ಟ ಹಾಗೆ 'ನನಗೆ ಇಬ್ಬರು ಸಹೋದರರು ಇದ್ದಾರೆ'. ಇಂಗ್ಲಿಷಿನಲ್ಲಿ ಯೋಚಿಸುವ ಮಗು 'ಹ್ಯಾವ್' ಎಲ್ಲಿ ಎಂದು ಹುಡುಕುತ್ತಾ ಕೂರುತ್ತದೆ.

5. ಕ್ರಿಯಾಪದ: ಮಗ್ಗಿಯ ಧಾಟಿಯಲ್ಲಿ

ಹಳೆಯ ಪುಸ್ತಕಗಳು 'ಅಮೋ' (ಪ್ರೀತಿಸುತ್ತೇನೆ) ಇಂದ ಶುರು ಮಾಡುತ್ತವೆ. ಹುಡುಗ ಹುಡುಗಿಯರು ಒಟ್ಟಿಗಿರುವ ಒಂಬತ್ತನೇ ತರಗತಿಯಲ್ಲಿ ಆ ಪೀರಿಯಡ್ ನಗುವಿನಲ್ಲೇ ಹೋಗುತ್ತದೆ. 'ಕಂತೋ' (ಹಾಡುತ್ತೇನೆ) ತೆಗೆದುಕೊಳ್ಳಿ.

ಕಂತೋ, ಕಂತಾಸ್, ಕಂತತ್. ಕಂತಾಮುಸ್, ಕಂತಾತಿಸ್, ಕಂತಂತ್. ಹಾಡುತ್ತೇನೆ, ಹಾಡುತ್ತೀಯ, ಹಾಡುತ್ತಾನೆ. ಹಾಡುತ್ತೇವೆ, ಹಾಡುತ್ತೀರಿ, ಹಾಡುತ್ತಾರೆ. ನಾನು, ನೀನು ಎಂದು ಬೇರೆಯಾಗಿ ಹೇಳಬೇಕಿಲ್ಲ, ಎರಡೂ ಭಾಷೆಯಲ್ಲಿ ತುದಿಯೇ ಅದನ್ನು ಹೇಳುತ್ತದೆ. ಮಗ್ಗಿಯ ಹಾಗೆ ರಾಗವಾಗಿ ಹೇಳಿಸಿ. ಪ್ರಶ್ನೆ ಕೇಳಲು ತುದಿಗೆ 'ನೆ' ಸೇರಿಸಿದರೆ ಮುಗಿಯಿತು: 'ಕಂತಾಸ್ನೆ?' ಅಂದರೆ 'ಹಾಡುತ್ತೀಯಾ?'

'ಕಂತತ್' ಮಾತ್ರ ನೋಡಿಕೊಳ್ಳಿ. ಅದರಲ್ಲಿ ಅವನು, ಅವಳು, ಅದು ಮೂರೂ ಇವೆ. ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಯಿತು. ಅದರ ಧ್ಯೇಯವಾಕ್ಯ 'ಲೂಕೆತ್ ಎತ್ ಆರ್ದೆತ್'. ಬೆಳಗುತ್ತಾನಾ, ಬೆಳಗುತ್ತಾಳಾ, ಬೆಳಗುತ್ತದಾ? ಉರಿಯುವುದು ಯಾರು? ಇದನ್ನು ಬೋರ್ಡಿನಲ್ಲಿ ಬರೆದು ಮಕ್ಕಳನ್ನು ವಾದಕ್ಕೆ ಬಿಡಿ. ಹಿಂದೆ ಮುಂದೆ ಏನಿದೆ ಎಂದು ನೋಡದೆ ಅನುವಾದ ಮಾಡಬಾರದು ಎಂಬುದು ಅವರಿಗೆ ಅಲ್ಲೇ ಗೊತ್ತಾಗುತ್ತದೆ.

6. ಲಿಂಗ ಕಲಿಸಲು ಅಂಗಳಕ್ಕೆ ಹೋಗಿ

ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಮೇಜು, ಬಾಗಿಲು, ಮರ ಎಲ್ಲ 'ಅದು'. ಲ್ಯಾಟಿನ್ನಿನಲ್ಲಿ ಬಾಗಿಲು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಮೇಲಾಗಿ ವಿಶೇಷಣವೂ ನಾಮಪದದ ಜೊತೆ ಬದಲಾಗುತ್ತದೆ. ಕನ್ನಡದ 'ಒಳ್ಳೆಯ' ಎಲ್ಲಿಗೆ ಹೋದರೂ 'ಒಳ್ಳೆಯ'ವೇ ಅಲ್ವಾ? ಹಾಗಾಗಿ ಈ ಪಾಠಕ್ಕೆ ಕೊಂಕಣಿ ಮಕ್ಕಳನ್ನು ಎಬ್ಬಿಸಿ. ಅವರ 'ಬರೊ, ಬರಿ, ಬರೆಂ' ನಿಮ್ಮ 'ಬೊನುಸ್, ಬೊನ, ಬೊನುಮ್' ಎದುರು ಬರೆಯಿರಿ. ಮನೆಯ ಮಾತು ಬೋರ್ಡಿನ ಮೇಲೆ ಬಂದಾಗ ಆ ಮಕ್ಕಳ ಮುಖ ನೋಡಬೇಕು.

ಅಭ್ಯಾಸಕ್ಕೆ ಶಾಲೆಯ ಅಂಗಳ ಸಾಕು. ಮಾವು 'ಮಾಂಗಿಫೆರ ಇಂಡಿಕ', ಮಾವನ್ನು ಹೊರುವ ಭಾರತದ ಗಿಡ. ತೆಂಗು 'ಕೋಕೋಸ್ ನುಕಿಫೆರ', ಕಾಯಿ ಹೊರುವುದು. ಎರಡರಲ್ಲೂ 'ಫೆರ' ಇದೆ, ಅರ್ಥ ಏನಿರಬಹುದು ಎಂದು ಕೇಳಿ. ಮುಟ್ಟಿದರೆ ಮುನಿ 'ಮಿಮೋಸ ಪುಡಿಕ', ನಾಚುವುದು. ಕಾಳುಮೆಣಸು 'ಪಿಪೆರ್ ನಿಗ್ರುಮ್'. ಪಿಪೆರ್ ನಪುಂಸಕ, ಅದಕ್ಕೇ ನಿಗ್ರುಮ್. ಹುಣಸೆ 'ತಮರಿಂದುಸ್ ಇಂಡಿಕ'. ಇಲ್ಲಿ ತಡೆದು ನಿಲ್ಲಿಸಿ: 'ಉಸ್' ಇದ್ದರೆ ಪುಲ್ಲಿಂಗ ಅಂದಿದ್ದಿರಲ್ಲ, ಹಾಗಾದರೆ 'ಇಂಡಿಕುಸ್' ಯಾಕಾಗಲಿಲ್ಲ? ಯಾಕೆಂದರೆ ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ಮೀನೂ ಬಿಡಬೇಡಿ. ಬೂತಾಯಿ 'ಸಾರ್ದಿನೆಲ್ಲ ಲೊಂಗಿಕೆಪ್ಸ್', ಉದ್ದ ತಲೆಯದು. ಜೀವಶಾಸ್ತ್ರದ ಟೀಚರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

7. ಓದಿಗೆ ಇಳಿಯಿರಿ

ಮೊದಲ ವರ್ಷದ ಕೊನೆಗೆ ಮಕ್ಕಳು ಐದಾರು ವಾಕ್ಯದ ಕಥೆಯನ್ನು ಓದುವಂತಾಗಬೇಕು. ಕಥೆಯನ್ನು ನೀವೇ ಬರೆಯಿರಿ, ಕಲಿಸಿದ ಪದಗಳನ್ನು ಮಾತ್ರ ಬಳಸಿ. ವಾರಕ್ಕೆ ಹತ್ತು ಹೊಸ ಪದ ಸಾಕು. ಓದುವಾಗ ಕ್ರಿಯಾಪದ ಹುಡುಕಿ ಹಿಂದೆ ಮುಂದೆ ಓಡುವ ಅಭ್ಯಾಸ ಬೇಡ. ಇಂಗ್ಲಿಷ್ ಪುಸ್ತಕಗಳು ಆ ಉಪಾಯ ಹೇಳಿಕೊಡುತ್ತವೆ. ನಮಗೆ ಅದು ಬೇಕಿಲ್ಲ, ಕ್ರಿಯಾಪದ ಬರುವವರೆಗೆ ಕಾಯುವುದು ಕನ್ನಡದ ಕಿವಿಗೆ ರೂಢಿ. ಎಡದಿಂದ ಬಲಕ್ಕೆ, ಬಂದ ಹಾಗೆ ಅರ್ಥ ಮಾಡಿಕೊಳ್ಳಲಿ.

ಎರಡನೇ ವರ್ಷ ಕರಾವಳಿಯನ್ನೇ ಓದಿಸಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಲೇಖಕ ಪ್ಲಿನಿ, ಭಾರತದ ವ್ಯಾಪಾರಕ್ಕೆ ರೋಮಿನಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹೋಗುತ್ತಿದೆ ಎಂದು ಬರೆದಿದ್ದಾನೆ. ಈ ಕರಾವಳಿಯ ಕಡಲುಗಳ್ಳರ ಠಾವಾಗಿ 'ನಿತ್ರಿಯಾಸ್' ಎಂಬ ಹೆಸರನ್ನೂ ಹೇಳುತ್ತಾನೆ. ಅದು ನಮ್ಮ ನೇತ್ರಾವತಿಯ ಕಡೆಯದು ಎನ್ನುವ ವಿದ್ವಾಂಸರಿದ್ದಾರೆ. ಅವನ ಲ್ಯಾಟಿನ್ ಬಿಗಿ, ಹಾಗೇ ಕೊಡಬೇಡಿ. ವಾಕ್ಯಗಳನ್ನು ಬಿಡಿಸಿ, ಸಣ್ಣದು ಮಾಡಿ ಕೊಡಿ.

ಅದಕ್ಕಿಂತ ಹತ್ತಿರದ್ದು 'ಹೋರ್ತುಸ್ ಮಲಬಾರಿಕುಸ್'. ಮಲಬಾರಿನ ಗಿಡಗಳ ಬಗ್ಗೆ ಲ್ಯಾಟಿನ್ನಿನಲ್ಲಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟವಾಗಿ ಅಚ್ಚಾಯಿತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೇಡೆ ಮಾಡಿಸಿದ್ದು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಅದಕ್ಕೆ ನೆರವಾದರು. ಅವರ ಕೊಂಕಣಿ ಹೇಳಿಕೆ ನಾಗರಿ ಲಿಪಿಯಲ್ಲಿ ಆ ಪುಸ್ತಕದಲ್ಲೇ ಇದೆ. ಸ್ಕ್ಯಾನ್ ಪ್ರತಿ ಇಂಟರ್ನೆಟ್ಟಿನಲ್ಲಿ ಉಚಿತ. ಮೊದಲ ಸಂಪುಟದ ಮೊದಲ ಗಿಡ ತೆಂಗು, ತಲೆಬರಹದಲ್ಲಿ 'ತೆಂಗ' ಎಂದೇ ಇದೆ. ಆ ಚಿತ್ರದ ಪುಟವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿ. ವಿವರಣೆಯಿಂದ ಎರಡು ಸಾಲು ಆರಿಸಿ, ಎಲೆ, ಬೇರು, ಹಣ್ಣಿನ ಪದಗಳನ್ನು ಗುರುತಿಸಲು ಹೇಳಿ. ಪೂರ್ತಿ ಅರ್ಥ ಆಗದಿದ್ದರೂ ಪರವಾಗಿಲ್ಲ.

ಪದ್ಯಕ್ಕೆ ಬಂದಾಗ ಗಣ ಹಾಕಲು ಗೊತ್ತಿರುವವರಿಗೆ ಅರ್ಧ ದಾರಿ ಮುಗಿದ ಹಾಗೆ. ರೋಮನ್ ಕವಿ ವರ್ಜಿಲ್ ಬಳಸಿದ ಛಂದಸ್ಸಿನ ಮೂಲ ಗಣ ಒಂದು ಗುರು, ಎರಡು ಲಘು. ನಮ್ಮ ಭಗಣ ಅದೇ. ಎರಡು ಲಘುವಿನ ಜಾಗದಲ್ಲಿ ಒಂದು ಗುರು ಬರಬಹುದು. ಸಾಲಿಗೆ ಆರು ಗಣ. ಕೊನೆಯ ಗಣದಲ್ಲಿ ಮಾತ್ರ ಯಾವಾಗಲೂ ಎರಡೇ ಅಕ್ಷರ.

ಮಳೆ ರಜೆ, ಪರೀಕ್ಷೆ

ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿ ಯಾವಾಗ ರಜೆ ಸಾರುತ್ತಾರೋ ಗೊತ್ತಾಗುವುದಿಲ್ಲ. ಆ ಎರಡು ತಿಂಗಳು ಒಂದು ಪೀರಿಯಡ್‌ಗೆ ಒಂದು ಪಾಠ ಮುಗಿಯುವ ಹಾಗೆ ಇಟ್ಟುಕೊಳ್ಳಿ. ವಿಭಕ್ತಿಯಂಥ ಉದ್ದದ ಪಾಠವನ್ನು ಮಳೆ ಇಳಿದ ಮೇಲೆ ಹಿಡಿಯಿರಿ.

ಅಂಕದ ಪರೀಕ್ಷೆ ಬೇಡ. ಹದಿನೈದು ದಿನಕ್ಕೊಮ್ಮೆ ಉಕ್ತಲೇಖನ ಕೊಡಿ: ನೀವು ಐದು ಲ್ಯಾಟಿನ್ ವಾಕ್ಯ ಓದಿ, ಅವರು ಕನ್ನಡ ಲಿಪಿಯಲ್ಲಿ ಬರೆಯಲಿ, ಪಕ್ಕದಲ್ಲಿ ಅರ್ಥ. ಹ್ರಸ್ವ ದೀರ್ಘ ತಪ್ಪಿದೆಯಾ, 'ಮ್' ಬಿಟ್ಟಿದೆಯಾ ಎಂದು ಒಂದು ನೋಟದಲ್ಲಿ ಗೊತ್ತಾಗುತ್ತದೆ. ತಿದ್ದುವಾಗ ಕೆಂಪು ಪೆನ್ನಿನಲ್ಲಿ ಸರಿಯಾದದ್ದನ್ನು ಬರೆದುಕೊಡಬೇಡಿ. ತಪ್ಪಿದ ಅಕ್ಷರದ ಕೆಳಗೆ ಗೆರೆ ಎಳೆದು ವಾಪಸು ಕೊಡಿ, ಮುಂದಿನ ಪೀರಿಯಡ್‌ನ ಮೊದಲ ಐದು ನಿಮಿಷದಲ್ಲಿ ಅವರೇ ಸರಿಮಾಡಲಿ.